ಮಾದರಿ ಕೈ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಬ್ರ್ಯಾಂಬಲ್ ಲೇನ್ ಸ್ಟುಡಿಯೊ ಮುಚ್ಚಿತು. ಆ ಸುದ್ದಿಯನ್ನು ಓದಿ ಹೇಳಲು ಆರು ನಿಮಿಷ ಹಿಡಿಯಿತು. ಒಂದು ಕಾಲಕ್ಕೆ ಬಾರ್ಲಿಯ ಗೋದಾಮಾಗಿದ್ದ ಕೆಂಪು ಇಟ್ಟಿಗೆಯ ಆ ಕಟ್ಟಡದ ಕೆಳ ಅಂತಸ್ತಿನಲ್ಲಿ ನೂರ ಎಂಬತ್ತೆಂಟು ಜನ ನಿಂತಿದ್ದರು. ಕುರ್ಚಿಗಳಿದ್ದರೂ ಯಾರೂ ಕೂತಿರಲಿಲ್ಲ. ಮಾಲೀಕ ಕಂಪನಿಯ ಪರವಾಗಿ ಹಿಂದಿನ ದಿನ ಲಂಡನ್ನಿನಿಂದ ಬಂದಿದ್ದ ಮಿಸ್ ಡೆವ್ಲಿನ್ ಹಾಳೆ ಮಡಚಿ, ಮಧ್ಯಾಹ್ನ ಎರಡಕ್ಕೆ ಕಟ್ಟಡ ಖಾಲಿಯಾಗಬೇಕು, ನಾಲ್ಕಕ್ಕೆ ಸರ್ವರ್‌ಗಳು ನಿಲ್ಲುತ್ತವೆ, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ಕೇಳಿದರು. ಒಬ್ಬರು ಮಾತ್ರ ಕೈ ಎತ್ತಿದರು. ತಮ್ಮ ಸೈಕಲ್ಲನ್ನು ಶನಿವಾರದವರೆಗೆ ಶೆಡ್ಡಿನಲ್ಲಿ ಬಿಡಬಹುದೇ ಎಂಬುದು ಅವರ ಪ್ರಶ್ನೆ. ಬಿಡುವಂತಿಲ್ಲ ಎಂದು ಉತ್ತರ ಬಂತು.

ಅಕ್ಕಮಹಾದೇವಿ ಹುಣಶೀಕಟ್ಟಿ ಹಿಂದಿನ ಸಾಲಿನಲ್ಲಿ, ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಕೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ಕೆಲಸ ಹೋಯಿತೆಂಬುದು ಅವಳಿಗೆ ಅರ್ಥವಾಗಿತ್ತು, ಆದರೆ ಅದು ಇನ್ನೂ ಒಳಗೆ ಇಳಿದಿರಲಿಲ್ಲ. ಅವಳ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ಈಗ ಹತ್ತು ಹತ್ತು. ನಾಲ್ಕಕ್ಕೆ ಇನ್ನು ಆರು ಗಂಟೆಯೂ ಇಲ್ಲ. ಜಗತ್ತಿನ ಮನೆಗಳಲ್ಲಿ ಈ ಸ್ಟುಡಿಯೊದ ವಿಡಿಯೊ ಗೇಮಿನ ಮೂವತ್ತೊಂದು ಲಕ್ಷ ಸ್ಟೇರಿಂಗ್ ಚಕ್ರಗಳಿವೆ. ಸರ್ವರ್ ನಿಂತ ಗಳಿಗೆಯಲ್ಲಿ ಅವು ಯಾವ ಬಲದಲ್ಲಿ ನಡುಗುತ್ತಿರುತ್ತವೆಯೋ ಅದೇ ಬಲದಲ್ಲಿ ಕೊನೆಯವರೆಗೂ ನಡುಗುತ್ತವೆ. ಆ ಬಲ ತಪ್ಪಾಗಿತ್ತು. ತಪ್ಪು ಅವಳ ಕೈಯಿಂದಲೇ ಬಂದಿತ್ತು.

ನಾರ್ತಾಂಪ್ಟನ್‌ಶೈರ್‌ನ ಥಾರ್ನ್‌ಕೋಟ್ ಎಂಬ ಹಳ್ಳಿಯ ಅಂಚಿನಲ್ಲಿ ಈ ಸ್ಟುಡಿಯೊ ಶುರುವಾದಾಗ ಅದರಲ್ಲಿ ಹದಿನಾಲ್ಕು ಜನರಿದ್ದರು. ಕಾರ್ ರೇಸಿನ ವಿಡಿಯೊ ಗೇಮ್ ಮಾಡುವವರು ಆಗ ದೇಶದ ತುಂಬ ಇದ್ದರು. ಇವರು ಕೇಳಿಕೊಂಡ ಪ್ರಶ್ನೆ ಮಾತ್ರ ಬೇರೆ. ಪರದೆಯ ಮೇಲಿನ ರಸ್ತೆಯನ್ನು ಕಣ್ಣಿಗೆ ತೋರಿಸುವ ಬದಲು ಅಂಗೈಗೆ ಮುಟ್ಟಿಸಿದರೆ ಏನಾಗುತ್ತದೆ? ಓವೆನ್ ಟ್ರಾಂಟರ್ ಎಂಬ ವೇಲ್ಸಿನ ಎಂಜಿನಿಯರ್ ಅದಕ್ಕೊಂದು ಚಕ್ರ ಕಟ್ಟಿದ. ಚಕ್ರದ ಸುತ್ತ, ಚರ್ಮದ ಹೊದಿಕೆಯ ಕೆಳಗೆ, ಬೆಂಕಿಕಡ್ಡಿಯ ತಲೆಯಷ್ಟು ಗಾತ್ರದ ತೊಂಬತ್ತಾರು ಕಡ್ಡಿಗಳು. ಪ್ರತಿಯೊಂದೂ ಸೆಕೆಂಡಿಗೆ ನಾನೂರು ಸಲದವರೆಗೆ ಕುಟ್ಟುತ್ತದೆ. ಜಲ್ಲಿ, ಒದ್ದೆ ಡಾಂಬರು, ಟೈರು ಜಾರುವ ಮುನ್ನಿನ ಅರೆಕ್ಷಣದ ಸಡಿಲ, ಎಲ್ಲವೂ ಅಂಗೈಗೆ ತಿಳಿಯುತ್ತದೆ.

ಎಷ್ಟು ಬಲವಾಗಿ ಕುಟ್ಟಿದರೆ ಅದು ನಿಜವಾದ ರಸ್ತೆ ಎಂಬುದಕ್ಕೆ ಮಾತ್ರ ಅಳತೆಗೋಲು ಇರಲಿಲ್ಲ. ಓವೆನ್ ಅದಕ್ಕೆ ಮನುಷ್ಯನ ಕೈಯನ್ನೇ ಅಳತೆಗೋಲು ಮಾಡಿದ. ಬಳಕೆ ನಿಂತಿದ್ದ ಒಂದು ವಿಮಾನ ನಿಲ್ದಾಣದ ರಸ್ತೆಯಲ್ಲಿ ಒಬ್ಬರು ನಿಜವಾದ ಕಾರು ಓಡಿಸಬೇಕು. ಪ್ರತಿ ಉಬ್ಬಿಗೆ, ಪ್ರತಿ ಬಿರುಕಿಗೆ ಅವರ ಕೈ ಹೇಗೆ ಸಣ್ಣದಾಗಿ ತಿದ್ದಿಕೊಳ್ಳುತ್ತದೆ ಎಂಬುದನ್ನು ದಾಖಲಿಸಬೇಕು. ಬಳಿಕ ಅದೇ ಕೈ ಗೇಮಿನೊಳಗೆ ಅದೇ ರಸ್ತೆಯಲ್ಲಿ ಓಡಿಸಬೇಕು. ಕೈ ಅಂದಿನ ಹಾಗೆಯೇ ತಿದ್ದಿಕೊಳ್ಳುವವರೆಗೆ ತಂತ್ರಾಂಶ ಕಡ್ಡಿಗಳ ಬಲವನ್ನು ಏರಿಸುತ್ತ ಇಳಿಸುತ್ತ ಹೋಗುತ್ತದೆ. ಕೈ ಒಪ್ಪಿದರೆ ರಸ್ತೆ ಸರಿಯಾಗಿದೆ ಎಂದರ್ಥ.

ನಲವತ್ತು ಜನ ಆ ರಸ್ತೆಯಲ್ಲಿ ಓಡಿಸಿ ನೋಡಿದರು. ಅವರಲ್ಲಿ ನಾಲ್ವರು ರೇಸಿನ ಚಾಲಕರು. ಅವರ ಕೈ ಪ್ರತಿ ಸುತ್ತಿಗೂ ಬೇರೆಯಾಗುತ್ತಿತ್ತು, ಏಕೆಂದರೆ ಪ್ರತಿ ಸುತ್ತನ್ನೂ ಇನ್ನಷ್ಟು ಬೇಗ ಮುಗಿಸುವ ಆಸೆ ಅವರಿಗೆ. ಮೂರು ಸುತ್ತನ್ನೂ ಅಚ್ಚು ಹೊಡೆದಂತೆ ಓಡಿಸಿದವಳು ಒಬ್ಬಳೇ: ಗೇಮಿನ ತಪ್ಪು ಹುಡುಕಲು ದಿನವಿಡೀ ಕಾರನ್ನು ಗೋಡೆಗೆ ಗುದ್ದುವ ಕೆಲಸಕ್ಕೆ ಸೇರಿದ್ದ ಅಕ್ಕಮಹಾದೇವಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಗಂಡನ ಜೊತೆ ಇಂಗ್ಲೆಂಡಿಗೆ ಬರುವ ಮೊದಲು ಅವಳು ಗದಗದಲ್ಲಿ ತಂದೆಯ ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ವರ್ಷ ಕಲಿಸಿದ್ದಳು. ಕಲಿಸುವವರು ಒಂದೇ ಕೆಲಸವನ್ನು ಒಂದೇ ರೀತಿ ಸಾವಿರ ಸಲ ಮಾಡಿ ತೋರಿಸಬೇಕು. ಆ ಅಭ್ಯಾಸ ಅವಳನ್ನು ಮಾದರಿ ಕೈಯಾಗಿಸಿತು.

ಪಾಸ್‌ಪೋರ್ಟಿನಲ್ಲಿದ್ದ ಉದ್ದ ಹೆಸರನ್ನು ಇಂಗ್ಲಿಷರು ಮೊದಲೆರಡು ಅಕ್ಷರಕ್ಕೆ ಕತ್ತರಿಸಿಕೊಂಡರು. ಹೀಗಾಗಿ ಅರವತ್ತು ವರ್ಷದ ಸ್ಟುಡಿಯೊ ಮುಖ್ಯಸ್ಥ ಗ್ರಹಾಂ ಪೆಲ್‌ನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದರೆ ಏನೆಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ.

ಓವೆನ್‌ಗೆ ಬಿಡಿಸಿ ಹೇಳಿದ್ದು ಬೇರೆ ಒಂದು ಮಾತನ್ನು. ಮೊದಲ ಗೇಮ್ ಗೆದ್ದ ವಾರ, ನಮ್ಮ ಕಡೆ ಇಂಥದ್ದಕ್ಕೆ ಕೈಗುಣ ಅನ್ನುತ್ತಾರೆ ಎಂದಿದ್ದಳು. ಇಬ್ಬರು ವೈದ್ಯರು ಒಂದೇ ಮಾತ್ರೆ ಕೊಟ್ಟರೂ ಒಬ್ಬರದು ಮಾತ್ರ ನಾಟುತ್ತದೆ, ಇಬ್ಬರು ಒಂದೇ ಹಿಟ್ಟಿನಲ್ಲಿ ರೊಟ್ಟಿ ಬಡಿದರೂ ಒಬ್ಬರದು ಮಾತ್ರ ಉಬ್ಬುತ್ತದೆ, ಅದು ಕೈಗುಣ. ಅದು ಕಾಲ ಕಳೆದಂತೆ ಬದಲಾಗುತ್ತದೆಯೇ ಎಂದು ಓವೆನ್ ಕೇಳಿದ್ದ. ಇಲ್ಲ, ಹುಟ್ಟಿನಿಂದ ಬಂದದ್ದು, ಹೋಗುವುದಿಲ್ಲ ಎಂದು ಇವಳು ನಗುತ್ತ ಹೇಳಿದ್ದಳು. ಆ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ, ತಂತ್ರಾಂಶದಲ್ಲಿ ಅವಳ ಕೈಯ ದಾಖಲೆ ಇದ್ದ ಜಾಗಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಕೈಗುಣ ಎಂದೇ ಹೆಸರಿಟ್ಟು, ಅದನ್ನು ಎಂದೂ ಬದಲಾಗದ ಅಂಕಿಗಳ ಪಟ್ಟಿಗೆ ಸೇರಿಸಿದ. ವರ್ಷಕ್ಕೊಮ್ಮೆ ವಿಮಾನ ನಿಲ್ದಾಣಕ್ಕೆ ಹೋಗಿ ಅವಳ ಕೈಯನ್ನು ಮತ್ತೆ ಪರೀಕ್ಷಿಸಬೇಕೆಂದು ಮೊದಲು ಬರೆದಿಟ್ಟಿದ್ದರು. ಎರಡು ವರ್ಷ ಪರೀಕ್ಷಿಸಿದರು, ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಮೂರನೆಯ ವರ್ಷ ಆ ಜಾಗದಲ್ಲಿ ಮನೆಗಳ ಬಡಾವಣೆ ಎದ್ದಿತು. ಆಮೇಲೆ ಅದನ್ನು ಬಿಟ್ಟರು.

ಉಳಿದದ್ದು ಸ್ಟುಡಿಯೊದವರು ದಿನದ ತೂಕ ಎನ್ನುತ್ತಿದ್ದ ಪರೀಕ್ಷೆ. ಪ್ರತಿದಿನ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅವಳು ಚಕ್ರದ ಕೋಣೆಗೆ ಹೋಗಿ ಮೂರು ಸುತ್ತು ಓಡಿಸುತ್ತಿದ್ದಳು. ಯಂತ್ರದ ಕಡ್ಡಿಗಳು ಸವೆಯುತ್ತವೆ, ಸವೆದಷ್ಟು ಬಲ ಏರಿಸಬೇಕು ಎಂಬುದು ಲೆಕ್ಕ. ಬಂದ ಅಂಕಿ, ಚಕ್ರ ಆನ್ ಮಾಡಿದೊಡನೆ, ತಾನಾಗಿಯೇ ಎಲ್ಲ ಮನೆಗಳ ಚಕ್ರಗಳಿಗೆ ಹೋಗುತ್ತಿತ್ತು.

ಚಕ್ರದ ಜೊತೆ ಬಂದ ‘ಕ್ಯಾಂಬರ್’ ಎಂಬ ಆ ಗೇಮ್ ಎರಡನೆಯ ಆವೃತ್ತಿಯ ಹೊತ್ತಿಗೆ ಮನೆಮಾತಾಯಿತು. ರಸ್ತೆಯ ಓರೆಗೆ ಇಂಗ್ಲಿಷಿನಲ್ಲಿ ಹೇಳುವ ಹೆಸರು ಅದು. ಕಾರು ಕೊಳ್ಳಲಾಗದವರು ಚಕ್ರ ಕೊಂಡರು. ಕಣ್ಣು ಮಂದವಾಗಿ ಲೈಸೆನ್ಸ್ ಕಳೆದುಕೊಂಡ ಮುದುಕರು ಸಂಜೆ ಕೂತು ತಮ್ಮ ಊರಿನ ರಸ್ತೆಯಲ್ಲಿ ಓಡಿಸಿದರು. ಮೂರು ದೇಶಗಳಲ್ಲಿ ಡ್ರೈವಿಂಗ್ ಸ್ಕೂಲುಗಳು ಮೊದಲ ಹತ್ತು ಪಾಠಗಳನ್ನು ಅದರ ಮೇಲೆಯೇ ಕಲಿಸತೊಡಗಿದವು. ಪ್ರತಿ ಹೊಸ ಆವೃತ್ತಿಗೂ ವಿಮರ್ಶಕರು, ರಸ್ತೆ ಈ ಸಲ ಇನ್ನೂ ಗಟ್ಟಿಯಾಗಿ ಕೈಗೆ ಸಿಗುತ್ತದೆ ಎಂದು ಬರೆದರು. ಆರನೆಯ ವರ್ಷ ಅಮೆರಿಕದ ಕಂಪನಿಯೊಂದು ಸ್ಟುಡಿಯೊವನ್ನು ಕೊಂಡಿತು. ಒಂಬತ್ತನೆಯ ವರ್ಷ, ಐದನೆಯ ಆವೃತ್ತಿ ಎರಡು ಸಲ ತಡವಾದ ಮೇಲೆ, ರೇಸಿನ ಗೇಮುಗಳೇ ತನಗೆ ಬೇಡವೆಂದು ತೀರ್ಮಾನಿಸಿತು. ಮುಚ್ಚಲು ಅದೊಂದೇ ಕಾರಣ. ಕೈಯ ವಿಷಯ ಅಮೆರಿಕದಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ.

ಅಕ್ಕಮಹಾದೇವಿಗೆ ಗೊತ್ತಾದದ್ದು ಸ್ಟುಡಿಯೊ ಮುಚ್ಚಿದ ವಾರದ ಭಾನುವಾರ, ಮನೆಯಲ್ಲಿ. ಮಧ್ಯಾಹ್ನದ ಅಡುಗೆಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದ ತಿರುಗಿಸುತ್ತ ಕಿಟಕಿಯಾಚೆ ನೋಡುತ್ತಿದ್ದಾಗ ಕಮಟು ವಾಸನೆ ಬಂತು. ಹಿಟ್ಟು ಸೀಯುತ್ತಿದೆ ಎಂದುಕೊಂಡಳು. ಗಂಡ ಚನ್ನಬಸು ಎದ್ದು ಬಂದು ಅವಳ ಮಣಿಕಟ್ಟು ಹಿಡಿದು ಎತ್ತಿದ. ಎರಡು ಬೆರಳು ಹಂಚಿಗೇ ಒತ್ತಿಕೊಂಡಿದ್ದವು.

ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಅವನು ಕೇಳಿದ: “ಉರಿ ಹತ್ತಲಿಲ್ಲೇನು?”

“ಗೊತ್ತ ಆಗಲಿಲ್ಲರೀ.”

“ಯಾವಾಗಿಂದ ಹಿಂಗ?”

“ಕೈ ಜೋಮು ಹಿಡಿಯೋದು ಭಾಳ ದಿನ ಆತು. ಥಂಡಿಗೆ ಅಂತ ಬಿಟ್ಟಿದ್ದೆ.”

ಚನ್ನಬಸು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದ ನೋಡುವ ವಿಭಾಗದಲ್ಲಿದ್ದ. ಸ್ಪರ್ಶ ಉಳಿದಿದೆಯೇ ಎಂದು ಪರೀಕ್ಷಿಸಲು ಅಲ್ಲಿ ಒಂದು ನೈಲಾನ್ ಎಳೆ ಬಳಸುತ್ತಾರೆ. ಚರ್ಮಕ್ಕೆ ಮುಟ್ಟಿಸಿ ಎಳೆ ಬಾಗುವವರೆಗೆ ಒತ್ತಿದರೆ ಅದರ ಬಲ ಹತ್ತು ಗ್ರಾಂ ತೂಕದಷ್ಟು. ಹತ್ತು ಗ್ರಾಂ ತಿಳಿಯದ ಪಾದದಲ್ಲಿ ಮೊಳೆ ಹೊಕ್ಕರೂ ತಿಳಿಯುವುದಿಲ್ಲ. ಬೆರಳ ತುದಿಗೆ ಅದಕ್ಕಿಂತ ಬಹಳ ಕಡಿಮೆ ಬಲ ಸಾಕು. ಸುಟ್ಟ ಕೈಗೆ ಪಟ್ಟಿ ಕಟ್ಟಿದ ಮೇಲೆ ಅವನು ಚೀಲದಿಂದ ಆ ಎಳೆ ತೆಗೆದು, ಅವಳ ಎಡಗೈಯನ್ನು ಊಟದ ಮೇಜಿನ ಮೇಲೆ ಅಂಗಾತ ಇಟ್ಟ.

“ಕಣ್ಣ ಮುಚ್ಚು. ಮುಟ್ಟಿದ್ದ ಗೊತ್ತಾದ್ರ ಹೂಂ ಅನ್ನು.”

ಅವಳು ಕಣ್ಣು ಮುಚ್ಚಿ ಕಾದಳು. ಸ್ವಲ್ಪ ಹೊತ್ತಿನ ಮೇಲೆ, “ಮುಟ್ಟರಿ ಮತ್ತ, ಯಾಕ ಸುಮ್ಮನ ಕುಂತೀರಿ?” ಎಂದಳು.

“ಒಂಬತ್ತ ಸಲ ಮುಟ್ಟೇನಿ, ಮಾದೇವಿ,” ಎಂದ ಚನ್ನಬಸು.

ರಸ್ತೆ ಒಡೆಯುವ ಯಂತ್ರ ಹಿಡಿದು ಇಪ್ಪತ್ತು ವರ್ಷ ದುಡಿದವರ ಕೈ ಹೀಗಾಗುವುದನ್ನು ಅವನು ಕಂಡಿದ್ದ. ನಡುಕ ದಿನವೂ ಕೈಗೆ ಹೋದರೆ ಮೊದಲು ಬೆರಳ ತುದಿಯ ನರಗಳು ಸಾಯುತ್ತವೆ. ನಿನ್ನ ಚಕ್ರ ಅಷ್ಟು ಜೋರಾಗಿ ಕುಟ್ಟುತ್ತದೆಯೇ ಎಂದು ಕೇಳಿದ. ಇಲ್ಲ, ಮೊದಲ ದಿನ ಎಷ್ಟಿತ್ತೋ ಇವತ್ತಿಗೂ ಅಷ್ಟೇ ಇದೆ, ಒಂದಿಷ್ಟೂ ಹೆಚ್ಚಿಲ್ಲ ಎಂದು ಅವಳು ಹೇಳಿದಳು. ಹೇಳಿದ ಮೇಲೆ ಮೇಜಿನ ಮೇಲಿನ ತನ್ನ ಕೈಯನ್ನು ನೋಡಿಕೊಂಡಳು. ಅಷ್ಟೇ ಇದೆ ಎಂದು ಹೇಳುತ್ತಿದ್ದುದು ಇದೇ ಕೈ.

ಸೋಮವಾರ ಬೆಳಿಗ್ಗೆ ಅವಳು ಹೇಳಿದ್ದನ್ನು ಕೇಳಿ ಓವೆನ್ ಒಂಬತ್ತು ವರ್ಷದ ಅಂಕಿಗಳನ್ನು ಒಂದೇ ಗೆರೆಯಾಗಿ ಪರದೆಯ ಮೇಲೆ ಎಳೆದ. ಮೊದಲ ದಿನದ ಬಲ ಒಂದು ಎಂದಾದರೆ ಈಗಿನದು ಮೂರು ದಶಾಂಶ ನಾಲ್ಕು. ದಿನಕ್ಕೆ ಕೂದಲೆಳೆಯಷ್ಟು ಏರಿದ್ದರಿಂದ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಿಲ್ಲ. ಗಮನಿಸಿದವರೂ ಕಡ್ಡಿಗಳು ಸವೆದಿವೆ ಎಂದುಕೊಂಡಿದ್ದರು. ಓವೆನ್ ಪೆಟ್ಟಿಗೆ ಒಡೆಯದ ಹೊಸ ಚಕ್ರವೊಂದನ್ನು ಬಿಚ್ಚಿ ಅದರ ಕಡ್ಡಿಗಳನ್ನು ಅಳೆದ, ಆಮೇಲೆ ಹಳೆಯದನ್ನು ಅಳೆದ. ಎರಡೂ ಒಂದೇ. ಕಡ್ಡಿಗಳು ಸವೆದೇ ಇರಲಿಲ್ಲ. ಕೈ ಜಡವಾದಷ್ಟೂ ತಂತ್ರಾಂಶ ಬಲ ಏರಿಸಿತ್ತು, ಬಲ ಏರಿದಷ್ಟೂ ಕೈ ಜಡವಾಗಿತ್ತು. ಅದೇ ಬಲ ಅದೇ ದಿನ ಲಕ್ಷಾಂತರ ಮನೆಗಳಿಗೆ ಹೋಗಿತ್ತು.

ಅವನು ಗ್ರಾಹಕರ ಪತ್ರಗಳಲ್ಲಿ ಜೋಮು ಎಂಬರ್ಥದ ಪದಗಳನ್ನು ಹುಡುಕಿಸಿದ. ಎರಡು ಸಾವಿರದ ಮುನ್ನೂರ ಹದಿನಾಲ್ಕು ಪತ್ರ ಸಿಕ್ಕವು. ಹಲ್ ಊರಿನ ಟ್ಯಾಕ್ಸಿ ಚಾಲಕನೊಬ್ಬ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯಬೇಕಾಗಿದೆ ಎಂದು ಬರೆದಿದ್ದ. ಪ್ರತಿ ಪತ್ರಕ್ಕೂ ಸ್ಟುಡಿಯೊದಿಂದ ಹೋದ ಉತ್ತರ ಒಂದೇ: ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ ಪಡೆಯಿರಿ.

ಓವೆನ್ ಆ ಪತ್ರಗಳನ್ನು ಮುಚ್ಚಿ ಮತ್ತೆ ಅಂಕಿಗಳ ಗೆರೆ ತೆರೆದ. “ಬದಲಾಗೋದಿಲ್ಲ ಅಂತ ನೀನು ಹೇಳಿದ್ದೆ, ಅಕ್ಕ,” ಎಂದ. ದೂರುವ ದನಿಯಲ್ಲ, ನೆನಪಿಸಿಕೊಳ್ಳುವ ದನಿ.

“ಹೇಳಿದ್ದೆ,” ಎಂದಳು ಅವಳು.

ಮಂಗಳವಾರದಿಂದ ಅವಳು ಚಕ್ರ ಮುಟ್ಟಲಿಲ್ಲ. ದಿನದ ತೂಕದ ಪುಸ್ತಕದಲ್ಲಿ ‘ಯಂತ್ರ ದುರಸ್ತಿ’ ಎಂದು ಬರೆದರು. ಗ್ರಹಾಂ ಪೆಲ್ ವಿಷಯವನ್ನೆಲ್ಲ ಮಾಲೀಕರ ವಕೀಲರಿಗೆ ಕಳಿಸಿದ. ಬುಧವಾರ ಸಂಜೆ ಬಂದ ಉತ್ತರದಲ್ಲಿ ಮೂರು ವಾಕ್ಯಗಳಿದ್ದವು. ಇದು ಮಾದರಿ ಚಾಲಕಿಯ ವೈಯಕ್ತಿಕ ಆರೋಗ್ಯದ ಸಂಗತಿ. ಚಕ್ರದಲ್ಲಿ ದೋಷವಿದೆ ಎಂದು ಯಾರೂ ಎಲ್ಲಿಯೂ ಹೇಳತಕ್ಕದ್ದಲ್ಲ. ತಂತ್ರಾಂಶಕ್ಕೆ ಯಾವ ತಿದ್ದುಪಡಿಯನ್ನೂ ಕಳಿಸತಕ್ಕದ್ದಲ್ಲ. ಗುರುವಾರ ಬೆಳಿಗ್ಗೆ ಸ್ಟುಡಿಯೊ ಮುಚ್ಚುವ ಸುದ್ದಿ ಬಂದ ಹೊತ್ತಿಗೆ ತಿದ್ದುಪಡಿ ಕಳಿಸುವ ಅಧಿಕಾರವೇ ಎಲ್ಲರ ಖಾತೆಯಿಂದ ಹೋಗಿತ್ತು.

ಸಭೆ ಚದುರಿತು. ಜನ ಪೆಟ್ಟಿಗೆ ಹುಡುಕತೊಡಗಿದರು. ಯಾರೂ ಅಳಲಿಲ್ಲ. ಒಬ್ಬಳು ಗಿಡದ ಕುಂಡಗಳನ್ನು ಸಾಲಾಗಿ ಬಾಗಿಲ ಬಳಿ ಇಟ್ಟು, ಯಾರಿಗೆ ಬೇಕೋ ಒಯ್ಯಿರಿ ಎಂದು ಚೀಟಿ ಅಂಟಿಸಿದಳು.

ಅಕ್ಕಮಹಾದೇವಿ ಓವೆನ್‌ನ ಮೇಜಿಗೆ ಹೋಗಿ, ದಿನದ ತೂಕ ಕಳಿಸಲೂ ಮಾಲೀಕರ ಒಪ್ಪಿಗೆ ಬೇಕೇ ಎಂದು ಕೇಳಿದಳು. ಅವನು ತಲೆ ಎತ್ತಿದ. ಬೇಡ. ದಿನದ ತೂಕವನ್ನು ತಂತ್ರಾಂಶ ಎಂದು ಯಾರೂ ಎಣಿಸಿರಲಿಲ್ಲ, ಅದು ಬರೀ ಅಳತೆ. ಮಾದರಿ ಕೈ ಮೂರು ಸುತ್ತು ಓಡಿಸಿದರೆ ಬಂದ ಅಂಕಿ ತಾನಾಗಿಯೇ ಹೋಗುತ್ತದೆ. ದಿನಕ್ಕೊಂದೇ ಸಲ ಎಂಬ ನಿಯಮವೂ ಇರಲಿಲ್ಲ. ಒಂದು ಸರದಿಗೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಳಿಯಬಾರದು ಎಂಬ ಮಿತಿ ಮಾತ್ರ ಇತ್ತು. ಮೂರು ದಶಾಂಶ ನಾಲ್ಕರಿಂದ ಒಂದಕ್ಕೆ ಇಳಿಯಲು ಹನ್ನೆರಡು ಸರದಿ. ಸರದಿಗೆ ಆರೂವರೆ ನಿಮಿಷ, ನಡುವೆ ಅಂಕಿ ಹೋಗಲು ಐದು ನಿಮಿಷ.

“ಆದರೆ ಈ ಕೈಯಿಂದ ಓಡಿಸಿದರೆ ಇನ್ನೂ ಏರುತ್ತದೆ, ಅಕ್ಕ.”

“ಈ ಕೈ ಓಡಿಸಿದ ಹಾಗೆ ಓಡಿಸೋದಿಲ್ಲ,” ಎಂದಳು.

ಹನ್ನೊಂದು ಗಂಟೆಗೆ ಚಕ್ರದ ಕೋಣೆಯ ಬಾಗಿಲು ಹಾಕಿಕೊಂಡರು. ತಂತ್ರಾಂಶ ಬಲವನ್ನು ಇಳಿಸಬೇಕೆಂದರೆ, ರಸ್ತೆ ಕೈಗೆ ವಿಪರೀತವಾಗಿ ಕುಟ್ಟುತ್ತಿದೆ ಎಂದು ಅದಕ್ಕೆ ಅನ್ನಿಸಬೇಕು. ಅಂದರೆ ಅವಳ ಕೈ ಅಂದಿಗಿಂತ ಹೆಚ್ಚು ತಿದ್ದಿಕೊಳ್ಳಬೇಕು. ಯಾವ ಉಬ್ಬು ಎಲ್ಲಿದೆ ಎಂಬುದು ಅವಳಿಗೆ ಕಣ್ಣು ಕಟ್ಟಿದರೂ ಗೊತ್ತಿತ್ತು. ಮೊದಲ ಸಲ ಪ್ರತಿ ಉಬ್ಬಿಗೂ ಚಕ್ರವನ್ನು ಜಗ್ಗಿದಳು. ಮೂರು ಸುತ್ತು ಮುಗಿದಾಗ ಪರದೆಯ ಮೇಲೆ ಕೆಂಪು ಸಾಲು ಬಂತು: ಇದು ಮಾದರಿ ಕೈ ಅಲ್ಲ. ಎರಡನೆಯ ಸಲ ಸ್ವಲ್ಪ ಕಡಿಮೆ ಜಗ್ಗಿದಳು. ಮತ್ತೆ ಅದೇ ಸಾಲು. ಮೂರು ಸಲ ತಿರಸ್ಕಾರವಾದರೆ ಯಂತ್ರ ಇಪ್ಪತ್ತನಾಲ್ಕು ಗಂಟೆ ಬೀಗ ಹಾಕಿಕೊಳ್ಳುತ್ತದೆ ಎಂದು ಓವೆನ್ ಹೇಳಿದ. ಅವಳಿಗೂ ಅದು ಗೊತ್ತಿತ್ತು.

ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಗದಗದಲ್ಲಿ ಹೊಸಬರಿಗೆಲ್ಲ ಮೊದಲ ದಿನ ಒಂದೇ ಮಾತು ಹೇಳುತ್ತಿದ್ದಳು: ಸ್ಟೇರಿಂಗ್ ಹಿಡೀಬ್ಯಾಡ್ರಿ, ಅದರ ಮ್ಯಾಲ ಕೈ ಇಡ್ರಿ. ರಸ್ತೆ ತಿಳಿಯದವರು ಬಿಗಿಯಾಗಿ ಹಿಡಿಯುತ್ತಾರೆ, ತಿಳಿದವರು ಹಗುರಾಗಿ. ಈಗ ಅವಳೇ ಬಿಗಿಯಾಗಿ ಹಿಡಿದಿದ್ದಳು, ಎಷ್ಟು ಬಿಗಿ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ. ಜಗ್ಗುವುದು ಬೇಡ, ಹಿಡಿತ ಸಡಿಲಾಗಬೇಕು, ಆಗ ಕಡ್ಡಿಗಳ ಕುಟ್ಟು ತಾನೇ ಕೈಯನ್ನು ಹೆಚ್ಚು ಅಲುಗಿಸುತ್ತದೆ, ಯಂತ್ರ ಅದನ್ನು ತಿದ್ದಿಕೊಳ್ಳುವುದೆಂದೇ ಓದುತ್ತದೆ ಎಂದು ಓವೆನ್‌ಗೆ ಹೇಳಿದಳು. ಪರದೆಯಲ್ಲಿ ಹಿಡಿತದ ಅಂಕಿ ಕಾಣುತ್ತದಲ್ಲ, ಅದನ್ನು ನೋಡಿ ಹೇಳುತ್ತಿರು.

ಓವೆನ್ ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂತ. “ಹಗುರ,” ಎಂದ. “ಇನ್ನೂ ಹಗುರ. ಇನ್ನೂ. ಅಲ್ಲೇ ಇರು.” ಚಕ್ರ ಕೈಯಲ್ಲಿದೆಯೇ ಜಾರಿದೆಯೇ ಎಂಬುದೂ ಗೊತ್ತಾಗದೆ, ತನ್ನ ಬೆರಳುಗಳನ್ನು ಬೇರೆಯವರ ಬೆರಳುಗಳಂತೆ ಕಣ್ಣಿನಿಂದ ಕಾಯುತ್ತ ಅವಳು ಓಡಿಸಿದಳು. ಹಸಿರು ಸಾಲು ಬಂತು. ಮೂರು ದಶಾಂಶ ನಾಲ್ಕು ಇದ್ದದ್ದು ಮೂರು ದಶಾಂಶ ಸೊನ್ನೆ ಆರು ಆಯಿತು. ಆಗ ಹನ್ನೊಂದು ಮೂವತ್ತೊಂದು.

ನಾಲ್ಕನೆಯ ಸರದಿಯಲ್ಲಿ ಮಿಸ್ ಡೆವ್ಲಿನ್ ಬಾಗಿಲು ತೆರೆದು, ಇಲ್ಲಿ ಏನು ನಡೆದಿದೆ ಎಂದು ವಿಚಾರಿಸಿದರು. ದಿನದ ತೂಕ, ಸಭೆಯಿಂದಾಗಿ ಇವತ್ತು ತಡವಾಯಿತು ಎಂದು ಓವೆನ್ ಹೇಳಿದ. ಸುಳ್ಳಲ್ಲ. ಅವರು ಗೋಡೆಗೆ ನೇತುಹಾಕಿದ್ದ ಪುಸ್ತಕದಲ್ಲಿ ಒಂಬತ್ತು ವರ್ಷದ ದಿನಾಂಕಗಳನ್ನೂ ಮಂಗಳವಾರ ಬುಧವಾರದ ದುರಸ್ತಿಯನ್ನೂ ನೋಡಿದರು. ಮುಚ್ಚುವ ದಿನವೂ ಇದನ್ನು ಮಾಡಬೇಕೇ ಎಂದು ಕೇಳಿದರು.

“ಚಕ್ರ ಇಟ್ಟುಕೊಂಡವರಿಗೆ ಮುಚ್ಚಿಲ್ಲವಲ್ಲ, ಮಿಸ್,” ಎಂದಳು ಅಕ್ಕಮಹಾದೇವಿ, ಪರದೆಯಿಂದ ಕಣ್ಣು ತೆಗೆಯದೆ.

ಮಿಸ್ ಡೆವ್ಲಿನ್, ಎರಡರೊಳಗೆ ಹೊರಗಿರಿ ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡರು.

ಏಳನೆಯ ಸರದಿಯ ಹೊತ್ತಿಗೆ ಗ್ರಹಾಂ ಪೆಲ್ ಬಂದು ಗೋಡೆಗೆ ಒರಗಿ ನಿಂತ. ಒಂಬತ್ತನೆಯ ಸರದಿಯಲ್ಲಿ ಹೋಗಿ ಮೂರು ಕಪ್ ಚಹಾ ತಂದ. ಅವಳ ಕಪ್ಪನ್ನು ಅವನು ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟ.

ಹನ್ನೆರಡನೆಯ ಸರದಿ ಒಂದು ಗಂಟೆ ನಲವತ್ತಕ್ಕೆ ಮುಗಿಯಿತು. ಪರದೆಯ ಮೇಲೆ ಒಂದು ಎಂಬ ಅಂಕಿ ನಿಂತಿತು. ಕಾರು ಇನ್ನೂ ಓಡುತ್ತಿತ್ತು. ಕಳೆದ ವಾರದವರೆಗೆ ಅವಳ ಪಾಲಿಗೆ ರಸ್ತೆಯಾಗಿದ್ದದ್ದು ಈಗ ಬರೀ ಚರ್ಮ ಹೊದಿಸಿದ ಬಳೆ. ಜಲ್ಲಿ ಬಂತು, ಬಿರುಕು ಬಂತು, ಕೈಗೆ ಏನೂ ಬರಲಿಲ್ಲ. ಅವಳು ಪಕ್ಕಕ್ಕೆ ಸರಿದಳು.

“ನೀನು ಮುಟ್ಟಿ ನೋಡು,” ಎಂದಳು.

ಓವೆನ್ ಎರಡೂ ಅಂಗೈಗಳನ್ನು ಚಕ್ರದ ಮೇಲಿಟ್ಟು ಒಂದು ಸುತ್ತು ಪೂರ್ತಿ ಓಡಿಸಿದ.

“ಇದೇ, ಅಕ್ಕ. ಆ ದಿನದ ರಸ್ತೆ.”

ಅವಳು ತಲೆಯಾಡಿಸಿದಳು. ಅವನ ಮಾತನ್ನು ನಂಬುವುದೊಂದೇ ಉಳಿದಿತ್ತು. ದಿನದ ತೂಕದ ಪುಸ್ತಕ ತೆಗೆದು, ಆ ದಿನದ ಸಾಲಿನಲ್ಲಿ ಅಂಕಿ ಬರೆದಳು. ಅದರ ಪಕ್ಕ, ಟಿಪ್ಪಣಿಗೆಂದು ಬಿಟ್ಟ ಜಾಗದಲ್ಲಿ, ಮಾದರಿ ಕೈಗೆ ಸ್ಪರ್ಶವಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತನ್ನ ಪೂರ್ಣ ಹೆಸರಿನ ಸಹಿ ಹಾಕಿದಳು. ಹೀಗೆ ಬರೆದರೆ ಎಲ್ಲ ನಿನ್ನ ತಲೆಗೇ ಬರುತ್ತದೆ ಎಂದು ಗ್ರಹಾಂ ಎಚ್ಚರಿಸಿದ. ಅವಳು ಪುಸ್ತಕವನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕೋಟಿನ ಒಳಗೆ ಇಟ್ಟುಕೊಂಡ.

ಎರಡಕ್ಕೆ ಐದು ನಿಮಿಷವಿರುವಾಗ ಮೂವರೂ ಹೊರಬಂದರು. ಬಾಗಿಲ ಬಳಿಯ ಕುಂಡಗಳಲ್ಲಿ ಎರಡು ಉಳಿದಿದ್ದವು. ಚನ್ನಬಸು ಕೆಲಸ ಮುಗಿಸಿ ಕಾರು ತಂದು ನಿಲ್ಲಿಸಿದ್ದ. ಅವಳು ಎಡಗಡೆಯ ಸೀಟಿನಲ್ಲಿ ಕೂತಳು. ಅವನೇ ಬಗ್ಗಿ ಅವಳ ಬೆಲ್ಟು ಹಾಕಿದ. ಆತೇನು ಎಂದು ಕೇಳಿದ. ನಮ್ಮ ಕೈಲಿದ್ದಷ್ಟು ಆತು ಎಂದಳು.

ನಾಲ್ಕು ಗಂಟೆಗೆ ಸರ್ವರ್‌ಗಳು ನಿಂತವು. ಅಷ್ಟರಲ್ಲಿ ಹೊಸ ಅಂಕಿ ಹತ್ತೊಂಬತ್ತು ಲಕ್ಷದ ನಲವತ್ತು ಸಾವಿರ ಚಕ್ರಗಳಿಗೆ ತಲುಪಿತ್ತು. ಉಳಿದ ಹನ್ನೊಂದು ಲಕ್ಷದ ಅರವತ್ತು ಸಾವಿರ ಚಕ್ರಗಳನ್ನು ಆ ಮಧ್ಯಾಹ್ನ ಯಾರೂ ಆನ್ ಮಾಡಿರಲಿಲ್ಲ.